ಹೊಳೆ ದಾಟಿದರೂ ಗೋವೆಯೇ

ಬೆಳಗಾವಿಯವರಿಗೆ ಗೋವಾ ಎಂದರೆ ಪಣಜಿಯ ಸುತ್ತಮುತ್ತ. ನನಗೆ ಮಾತ್ರ ಅದರ ಉತ್ತರದ ತುದಿ, ತೇರೆಖೋಲ್ ಹೊಳೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಬಾಂದಾ ಊರನ್ನು ಹಾದು, ಬೇಗನೆ ಅರಬ್ಬೀ ಸಮುದ್ರ ಸೇರುವ ಪುಟ್ಟ ಹೊಳೆ ಇದು. ಕೆಳಭಾಗದಲ್ಲಿ ಗೋವಾ ಮತ್ತು ಮಹಾರಾಷ್ಟ್ರಗಳ ಗಡಿಯೂ ಹೌದು.

ದಕ್ಷಿಣ ದಡದ ಕೇರಿ ಎಂಬ ಹಳ್ಳಿಯ ಕಟ್ಟೆಯಲ್ಲಿ ಸ್ಕೂಟರ್ ನಿಲ್ಲಿಸಿ ಫೆರಿಗೆ ಕಾದೆ. ಗಾಳಿಮರಗಳ ಆಚೆ ಸಮುದ್ರದ ಮೊರೆತ, ಈಚೆ ಸದ್ದಿಲ್ಲದ ಹೊಳೆ. ಸಮುದ್ರದ ನೀರು ಏರುವ ಭರತದ ಹೊತ್ತು, ತೇಲಿಬಂದ ತೆಂಗಿನ ಗರಿಯೊಂದು ಸಮುದ್ರದ ಕಡೆಗಲ್ಲ, ಒಳನಾಡಿನ ಕಡೆಗೆ ಸಾಗುತ್ತಿತ್ತು. ಹೊಳೆ ಹಿಂದಕ್ಕೆ ಹರಿಯುವುದನ್ನು ನೋಡುತ್ತ ನಿಂತವನಿಗೆ ಫೆರಿ ಬಂದದ್ದೇ ತಿಳಿಯಲಿಲ್ಲ. ಹಿಂದಿನ ಬೈಕಿನವನು ಹಾರ್ನ್ ಹೊಡೆದು ಎಚ್ಚರಿಸಿದ.

ಆಚೆ ದಡಕ್ಕೆ ಇಳಿದರೆ ಮಹಾರಾಷ್ಟ್ರ ಎಂದುಕೊಳ್ಳುತ್ತೀರಿ. ಅಲ್ಲ! ಉತ್ತರ ದಡದ ತೇರೆಖೋಲ್ ಹಳ್ಳಿ ಮತ್ತು ಕೋಟೆ ಗೋವೆಯದೇ. ಸಾವಂತವಾಡಿಯ ಭೋಂಸಲೆಯವರಿಂದ ಪೋರ್ಚುಗೀಸರು 1746ರಲ್ಲಿ ಕಸಿದುಕೊಂಡ ಕೋಟೆ ಇದು. ಅವರು ಹೋದರು, ಆ ಗಡಿಗೆರೆ ಉಳಿಯಿತು. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ, 1954ರ ಆಗಸ್ಟ್ 15ರಂದು ಸತ್ಯಾಗ್ರಹಿಗಳು ಭಾರತದ ಬಾವುಟ ಹಾರಿಸಿದ್ದು ಇಲ್ಲಿಯೇ. ಕೋಟೆಯ ಒಳಗೆ ಸಂತ ಆಂಟನಿಯ ಇಗರ್ಜಿಯೂ ಇದೆ.

ಕೋಟೆಯ ಗೋಡೆಯಿಂದ ನೋಡಿದರೆ ಹೊಳೆ ಕಡಲು ಸೇರುವ ಅಳಿವೆ ಅಂಗೈಯಷ್ಟು ಸ್ಪಷ್ಟ: ಕೇರಿಯ ಮರಳು ಚೂಪಾಗಿ ನೀರಿಗೆ ಚಾಚಿದೆ, ಅದರ ಮೂತಿಯಲ್ಲಿ ಕಂದು ನೀರೂ ಹಸಿರು ನೀರೂ ತಳ್ಳಾಡುತ್ತಿವೆ. ಗಡಿ ಎಲ್ಲಿದೆ ಎಂದು ಮೊಬೈಲ್ ನಕ್ಷೆಯಲ್ಲಿ ಹುಡುಕಿದೆ. ಅಷ್ಟರಲ್ಲಿ ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬಂತು.