ಕಾಕೊ ಬಂದ, ಇನ್ನು ಸ್ವಲ್ಪ ಕಾಯೋಣ

21 ನವೆಂಬರ್ 2024, ಗುರುವಾರ
ಮೆಲ್ಬರ್ನ್

ನಿನ್ನೆ ರಾತ್ರಿ ಮಾರ್ವೆಲ್ ಸ್ಟೇಡಿಯಮ್‌ನಲ್ಲಿ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ನ, ಅಂದರೆ ಕ್ಲಬ್‌ಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮದ, ಮೊದಲ ಸುತ್ತು ನಡೆಯಿತು. 13ನೇ ಆಯ್ಕೆಯಾಗಿ ಐಸಾಕ್ ಕಾಕೊ ನಮ್ಮ ಎಸೆಂಡನ್ ತಂಡಕ್ಕೆ ಬಂದ. ವಯಸ್ಸು ಹದಿನೆಂಟು. ಗೋಲ್ ಕಂಬಗಳ ಸುತ್ತಮುತ್ತ ಆಡುವ ಚುರುಕು ಹುಡುಗ, ಇಲ್ಲಿಯವರ ಮಾತಿನಲ್ಲಿ ಸ್ಮಾಲ್ ಫಾರ್ವರ್ಡ್. ಇರಾಕ್ ಮೂಲದ ಕುಟುಂಬದವನು. ಇವತ್ತು ಬೆಳಗ್ಗೆಯಿಂದ ಎಸೆಂಡನ್ ಕಡೆಯವರು ಯಾರು ಸಿಕ್ಕಿದರೂ ಬಾಯಲ್ಲಿ ಅವನದೇ ಹೆಸರು.

ಊರಿನಲ್ಲಿ ಇದನ್ನು ಓದುವವರಿಗಾಗಿ ಎರಡು ಮಾತು. ಐಪಿಎಲ್ ಹರಾಜು ಇದೇ ಭಾನುವಾರ ಜೆಡ್ಡಾದಲ್ಲಿ ಶುರುವಾಗುತ್ತದೆ. ಅಲ್ಲಿ ದುಡ್ಡಿನ ಆಟ. ಇಲ್ಲಿ ಹರಾಜೇ ಇಲ್ಲ, ಸರದಿ ಇದೆ. ಹಿಂದಿನ ಸೀಸನ್‌ನಲ್ಲಿ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಈ ಸಲ ಅದು ರಿಚ್ಮಂಡ್, ಅವರು ಸ್ಯಾಮ್ ಲೇಲರ್‌ನನ್ನು ಕರೆದುಕೊಂಡರು. ಯಾವ ತಂಡಕ್ಕೆ ಹೋಗಬೇಕು ಅನ್ನುವುದು ಹುಡುಗರ ಕೈಯಲ್ಲಿ ಇರುವುದಿಲ್ಲ. ಮೆಲ್ಬರ್ನ್‌ನಲ್ಲಿ ಬೆಳೆದವನು ರಾತ್ರೋರಾತ್ರಿ ಪರ್ತ್‌ಗೆ ಗಂಟು ಕಟ್ಟಬೇಕಾಗಬಹುದು.

ಕಾಕೊ ವಿಷಯದಲ್ಲಿ ಹಾಗಾಗಲಿಲ್ಲ. ಮೂಲನಿವಾಸಿ ಮಕ್ಕಳನ್ನೂ ಬೇರೆ ದೇಶಗಳಿಂದ ಬಂದವರ ಮಕ್ಕಳನ್ನೂ ಈ ಆಟಕ್ಕೆ ಕರೆತರಲು ಕ್ಲಬ್‌ಗಳು ನೆಕ್ಸ್ಟ್ ಜನರೇಶನ್ ಅಕಾಡೆಮಿಗಳನ್ನು ನಡೆಸುತ್ತವೆ. ಅವನು ಎಸೆಂಡನ್ ಅಕಾಡೆಮಿಯ ಹುಡುಗ. ಆಡಿದ್ದು ವಾಯವ್ಯ ಭಾಗದ ಬಡಾವಣೆಗಳ ಹುಡುಗರು ಸೇರುವ ಕಾಲ್ಡರ್ ಕ್ಯಾನನ್ಸ್ ಎನ್ನುವ ಕಿರಿಯರ ತಂಡದಲ್ಲಿ. ಬೇರೆ ಕ್ಲಬ್ ಅವನ ಹೆಸರು ಕೂಗಿದರೆ ಎಸೆಂಡನ್ ತನ್ನ ಸರದಿಯ ಆಯ್ಕೆಗಳನ್ನು ಕೊಟ್ಟು ಅವನನ್ನು ಉಳಿಸಿಕೊಳ್ಳಬಹುದು. ಹೋದ ಕೆಲವು ವರ್ಷ ಇಷ್ಟು ಮೇಲಿನ ಸ್ಥಾನದಲ್ಲಿ ಹಾಗೆ ಮಾಡಲು ಬಿಡುತ್ತಿರಲಿಲ್ಲ. 2020ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಇದೇ ದಾರಿಯಲ್ಲಿ ಜಮಾರಾ ಯೂಗಲ್-ಹೇಗನ್‌ನನ್ನು ಮೊದಲ ಆಯ್ಕೆಯಾಗಿಯೇ ಪಡೆದಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಈ ವರ್ಷ ಮತ್ತೆ ಸಡಿಲ ಮಾಡಿದ್ದಾರೆ. ಸಡಿಲ ಮಾಡದಿದ್ದರೆ ಕಾಕೊ ಇವತ್ತು ಬೇರೆ ಯಾವುದೋ ಬಣ್ಣದ ಜರ್ಸಿ ಹಾಕಿರುತ್ತಿದ್ದ.

ಬೆಳಗ್ಗೆ ರೈಲಿನಲ್ಲಿ ಎಸೆಂಡನ್‌ನ ಕೆಂಪು-ಕಪ್ಪು ಸ್ಕಾರ್ಫ್ ಹಾಕಿಕೊಂಡ ಒಬ್ಬರು ಪಕ್ಕದವರಿಗೆ ಫೋನಿನಲ್ಲಿ ಅವನ ಗೋಲ್‌ಗಳನ್ನು ತೋರಿಸುತ್ತಿದ್ದರು. ನವೆಂಬರ್ ಕೊನೆ, ಬಿಸಿಲು ಕಾಯುತ್ತಿದೆ, ಆದರೂ ಸ್ಕಾರ್ಫ್! ಆಫೀಸಿನಲ್ಲಿ ನಮ್ಮ ದೇಶದವರೆಲ್ಲ ನಾಳೆ ಶುರುವಾಗುವ ಪರ್ತ್ ಟೆಸ್ಟ್ ಗುಂಗಿನಲ್ಲಿದ್ದರು. ರೋಹಿತ್ ಇಲ್ಲ, ರಾಹುಲ್ ಓಪನ್ ಮಾಡಬೇಕು ಅನ್ನುವ ಚರ್ಚೆ ಜೋರಾಗಿತ್ತು. ಅದರ ಮಧ್ಯೆಯೇ ಇಲ್ಲಿನ ಸಹೋದ್ಯೋಗಿಯೊಬ್ಬರು ಬಂದು, "ಮೊದಲ ಪಂದ್ಯದಿಂದಲೇ ಅವನನ್ನು ಆಡಿಸಬೇಕು, ಮೂವತ್ತು ಗೋಲ್ ಗ್ಯಾರಂಟಿ" ಅಂದರು. ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು ಅವನನ್ನು ಅಂಥೋನಿ ಮೆಕ್‌ಡೊನಾಲ್ಡ್-ಟಿಪುಂಗ್ವುಟಿ ಜೊತೆ ಹೋಲಿಸಿಬಿಟ್ಟರು. ಆಸ್ಟ್ರೇಲಿಯಾದ ಉತ್ತರದ ಟಿವೀ (Tiwi) ದ್ವೀಪಗಳಿಂದ ಬಂದ, ಟಿಪ್ಪಾ ಎಂದೇ ಕರೆಸಿಕೊಳ್ಳುವ ಈ ಹಳೆಯ ಆಟಗಾರ ಎಂದರೆ ಎಸೆಂಡನ್ ಜನಕ್ಕೆ ಪ್ರಾಣ. ಸಣ್ಣ ಫಾರ್ವರ್ಡ್ ಯಾರೇ ಬರಲಿ, ಅಳತೆಗೋಲು ಅವನೇ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹುಟ್ಟಿದಾಗಿನಿಂದ ಎಸೆಂಡನ್. ಸಂಜೆ ಗಿಡಕ್ಕೆ ನೀರು ಹಾಕುತ್ತಾ ಅವರು ಬೇರೆ ಮಾತು ಹೇಳಿದರು. "ಮೂರು ವರ್ಷ ಆ ಮಗುವಿನ ಹೆಸರು ಎತ್ತಬೇಡಿ." ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ಜನರ ಹಸಿವು ನನಗೆ ಅರ್ಥವಾಗುತ್ತದೆ. 16 ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಕಪ್, ಗೆದ್ದ ಕ್ಲಬ್ ಇದು. ಕೊನೆಯದು 2000ದಲ್ಲಿ. ಅದಿರಲಿ, 2004ರ ನಂತರ ಒಂದೇ ಒಂದು ಫೈನಲ್ಸ್ ಪಂದ್ಯವನ್ನೂ ಗೆದ್ದಿಲ್ಲ. ಇಲ್ಲಿ ಫೈನಲ್ಸ್ ಎಂದರೆ ನಮ್ಮ ಪ್ಲೇಆಫ್. ಇಪ್ಪತ್ತು ವರ್ಷ ಆಯಿತು. ಅವತ್ತು ಹುಟ್ಟಿದ ಮಗು ಇವತ್ತು ಕಾಲೇಜಿನಲ್ಲಿದೆ. ಈ ವರ್ಷವೂ ಅರ್ಧ ಸೀಸನ್ ಚೆನ್ನಾಗಿ ಆಡಿ, ಆಮೇಲೆ ಜಾರಿ ಹೊರಗೆ ಬಿದ್ದರು. ಆರ್‌ಸಿಬಿ ಕಟ್ಟಿಕೊಂಡು ಪ್ರತಿ ಏಪ್ರಿಲ್‌ನಲ್ಲಿ "ಈ ಸಲ ಕಪ್ ನಮ್ದೇ" ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಷ್ಟು ಕಾದವರಿಗೆ ಒಂದು ಹೊಸ ಹೆಸರು ಸಿಕ್ಕರೆ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆ ಹಿಡಿತದ ಭಾರವನ್ನು ಹದಿನೆಂಟರ ಹುಡುಗ ಹೊರಬೇಕು. ನನಗೆ ಭಯ ಇರುವುದು ಅಲ್ಲಿ.

ಜ್ಯಾಕ್ ವಾಟ್ಸ್ ಕಥೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. 2008ರ ಡ್ರಾಫ್ಟ್‌ನ ಮೊದಲ ಆಯ್ಕೆ, ಮೆಲ್ಬರ್ನ್ ತಂಡದ ಎತ್ತರದ ಫಾರ್ವರ್ಡ್. 2009ರ ಜೂನ್‌ನಲ್ಲಿ, ರಾಣಿಯ ಹುಟ್ಟುಹಬ್ಬದ ರಜೆಯ ದಿನ, ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಎದುರು ಅವನ ಮೊದಲ ಪಂದ್ಯ. ಇನ್ನೂ ಶಾಲೆಗೆ ಹೋಗುತ್ತಿದ್ದ ಸಣಕಲು ಹುಡುಗ. ಚೆಂಡು ಕೈಗೆ ಬರುತ್ತಿದ್ದ ಹಾಗೆ ದೊಡ್ಡ ದೊಡ್ಡ ಆಳುಗಳು ಮೇಲೆ ಬಿದ್ದು ನೆಲಕ್ಕೆ ಒತ್ತಿದರು. ಆ ದೃಶ್ಯ ಇವತ್ತಿಗೂ ಜನರ ಕಣ್ಣಿನಲ್ಲಿದೆ. ಎರಡನೇ ಆಯ್ಕೆಯಾಗಿ ವೆಸ್ಟ್ ಕೋಸ್ಟ್‌ಗೆ ಹೋಗಿದ್ದ ನಿಕ್ ನೈಟನೂಯಿ ಆಕಾಶಕ್ಕೆ ಹಾರಿ ಚೆಂಡು ಹಿಡಿದಾಗಲೆಲ್ಲ ಇಲ್ಲಿ ವಾಟ್ಸ್‌ಗೆ ಬೈಗುಳ. ಅವನು ಕೆಟ್ಟ ಆಟಗಾರನೇನೂ ಆಗಿರಲಿಲ್ಲ. ನೂರೈವತ್ತಕ್ಕೂ ಜಾಸ್ತಿ ಪಂದ್ಯ ಆಡಿದ. ಆದರೆ ಜನ ಮೊದಲ ದಿನವೇ ಬರೆದುಕೊಂಡಿದ್ದ ಲೆಕ್ಕಕ್ಕೆ ಅವನ ಆಟ ಯಾವತ್ತೂ ಸರಿಹೋಗಲಿಲ್ಲ. ಆ ಲೆಕ್ಕ ಬರೆದವರು ಸ್ಟ್ಯಾಂಡ್‌ನಲ್ಲಿ ಕೂತಿದ್ದವರು, ಅವನಲ್ಲ.

ಟಾಮ್ ಬಾಯ್ಡ್ ಕೂಡ ಹಾಗೇ, 2013ರ ಮೊದಲ ಆಯ್ಕೆ. 2016ರಲ್ಲಿ ಬುಲ್‌ಡಾಗ್ಸ್‌ಗಾಗಿ ಗ್ರ್ಯಾಂಡ್ ಫೈನಲ್‌ನಲ್ಲಿ ಮೂರು ಗೋಲ್ ಹೊಡೆದು ಕಪ್ ಗೆಲ್ಲಿಸಿದ. 2019ರಲ್ಲಿ, ಇಪ್ಪತ್ತಮೂರನೇ ವಯಸ್ಸಿಗೇ ಆಟ ಬಿಟ್ಟ. ತನ್ನ ಮನಸ್ಸಿನ ನೋವಿನ ಬಗ್ಗೆ ಬಾಯಿಬಿಟ್ಟು ಮಾತಾಡಿದ. ಅವನ ಧೈರ್ಯದ ಬಗ್ಗೆ ನನಗೆ ತುಂಬಾ ಗೌರವ.

ನಮ್ಮದೇ ಕ್ಲಬ್‌ನಲ್ಲಿ 2020ರ ರಾತ್ರಿ ನೆನಪಿದೆಯಾ? 8, 9, 10 ಸಾಲಾಗಿ ಮೂರು ಆಯ್ಕೆ: ನಿಕ್ ಕಾಕ್ಸ್, ಆರ್ಚಿ ಪರ್ಕಿನ್ಸ್, ಝ್ಯಾಕ್ ರೀಡ್. ಮುಂದಿನ ಹತ್ತು ವರ್ಷ ನಮ್ಮದೇ ಎಂದು ಜನ ಕುಣಿದರು. ರೀಡ್‌ಗೆ ಗಾಯದ ಮೇಲೆ ಗಾಯ, ಮೈದಾನಕ್ಕೆ ಇಳಿದದ್ದೇ ಕಮ್ಮಿ. ಅದರಲ್ಲಿ ಆ ಹುಡುಗನ ತಪ್ಪೇನಿದೆ? ಇನ್ನು ಜೋ ಡ್ಯಾನಿಹರ್ ನಮ್ಮಲ್ಲೇ ಬೆಳೆದು, ಬ್ರಿಸ್ಬೇನ್‌ಗೆ ಹೋಗಿ, ಈ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕಪ್ ಎತ್ತಿ ನಿವೃತ್ತಿಯೂ ಆದ. ಅವತ್ತು ಪಕ್ಕದ ಬೀದಿಯ ಇನ್ನೊಬ್ಬ ಅಜ್ಜಿ ತನಗೆ ಫೋನ್ ಮಾಡಿ ಅತ್ತಿದ್ದರು ಎಂದು ಒಬ್ಬ ಗೆಳೆಯ ಹೇಳಿದ. ನಾನು ನಂಬುತ್ತೇನೆ.

ಇದಕ್ಕೆ ವಿರುದ್ಧವಾಗಿ ಜಾನ್ ಕೋಲ್ಮನ್ ಹೆಸರು ತೆಗೆಯುವವರೂ ಇದ್ದಾರೆ. 1949ರಲ್ಲಿ ಎಸೆಂಡನ್‌ಗೆ ಆಡಿದ ಮೊದಲ ಪಂದ್ಯದಲ್ಲೇ 12 ಗೋಲ್. 98 ಪಂದ್ಯಗಳಲ್ಲಿ 537. ನಿಜ, ಅಂಥವರೂ ಹುಟ್ಟುತ್ತಾರೆ. ಆದರೆ ಆ ಕೋಲ್ಮನ್‌ನ ಮಂಡಿಯೂ 1954ರಲ್ಲಿ ಕೈಕೊಟ್ಟಿತು, ಇಪ್ಪತ್ತೈದಕ್ಕೇ ಆಟ ಮುಗಿಯಿತು. ಎಪ್ಪತ್ತೈದು ವರ್ಷದಲ್ಲಿ ಎರಡನೇ ಕೋಲ್ಮನ್ ಬಂದಿಲ್ಲ.

ಸ್ಮಾಲ್ ಫಾರ್ವರ್ಡ್ ಕೆಲಸ ಎಷ್ಟು ಕಷ್ಟ ಅನ್ನುವುದನ್ನು ಗೋಲ್ ಲೆಕ್ಕ ಹೇಳುವುದಿಲ್ಲ. ಎತ್ತರದವರು ಮೇಲೆ ಹಾರುತ್ತಾರೆ, ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬೀಳುತ್ತದೆ. ಅದು ಮೊಟ್ಟೆಯಾಕಾರದ ಚೆಂಡು, ಯಾವ ಕಡೆ ಪುಟಿಯುತ್ತದೋ ಹೇಳಲು ಬರುವುದಿಲ್ಲ. ಆ ಅರ್ಧ ಸೆಕೆಂಡಿನಲ್ಲಿ ಅಲ್ಲಿರಬೇಕು. ಸಿಗದಿದ್ದರೆ ಎದುರಾಳಿಯ ಬೆನ್ನು ಹತ್ತಿ ಓಡಬೇಕು, ಅವನು ಆರಾಮಾಗಿ ಒದೆಯದಂತೆ ಕಾಟ ಕೊಡಬೇಕು, ಟ್ಯಾಕಲ್ ಮಾಡಬೇಕು. ಕೆಲವು ಶನಿವಾರ ಇಡೀ ಪಂದ್ಯದಲ್ಲಿ ಐದಾರು ಸಲ ಮಾತ್ರ ಚೆಂಡು ಮುಟ್ಟುತ್ತಾನೆ. ಮಾರನೇ ದಿನ "ಎಲ್ಲಿದ್ದ ಅವನು?" ಎಂದು ಕೇಳುತ್ತಾರೆ. ಓಡುತ್ತಿದ್ದ, ಸ್ವಾಮಿ. ಚೆಂಡಿನ ಹಿಂದೆಯೇ ಕಣ್ಣು ಹೋದರೆ ಆ ಓಟ ಕಾಣುವುದಿಲ್ಲ. ಟಿವಿಯಲ್ಲಂತೂ ಕಾಣುವುದೇ ಇಲ್ಲ, ಮೈದಾನಕ್ಕೇ ಹೋಗಬೇಕು.

ಇನ್ನೊಂದು ಮಾತು ಹೇಳಲೇಬೇಕು. ಕಾಕೊ ಆಯ್ಕೆಯಾದಾಗ ನಮ್ಮ ಮನೆಯಲ್ಲಿ ಸಂತೋಷ ಸ್ವಲ್ಪ ಜಾಸ್ತಿಯೇ ಆಯಿತು. ಈ ಕಡೆಯ ಬಡಾವಣೆಗಳಲ್ಲಿ ಇರಾಕ್, ಲೆಬನಾನ್, ಟರ್ಕಿ, ಶ್ರೀಲಂಕಾ, ಪಂಜಾಬ್, ಕರ್ನಾಟಕ ಎಲ್ಲವೂ ಒಂದೇ ಸೂಪರ್‌ಮಾರ್ಕೆಟ್ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಕನ್ನಡದ ಮನೆಗಳ ಮಕ್ಕಳು ಶನಿವಾರ ಬೆಳಗ್ಗೆ ಮಕ್ಕಳಿಗೆ ಈ ಆಟ ಕಲಿಸುವ ಆಸ್‌ಕಿಕ್‌ಗೆ ಹೋಗಿ ಫುಟಿ ಒದೆಯುತ್ತಾರೆ, ಮಧ್ಯಾಹ್ನ ಕ್ರಿಕೆಟ್ ಬ್ಯಾಟ್ ಹಿಡಿಯುತ್ತಾರೆ. ಅವರಿಗೆ ಆಟದ ದೊಡ್ಡ ಹೆಸರುಗಳಲ್ಲಿ ತಮ್ಮ ಹಾಗೆ ಮನೆಯಲ್ಲಿ ಬೇರೆ ಭಾಷೆ ಮಾತಾಡಿ ಬೆಳೆದವರು ಕಾಣುವುದು ಅಪರೂಪ. ನನ್ನ ಗೆಳತಿಯ ಮಗ, ಒಂಬತ್ತು ವರ್ಷದವನು, ಬೆಳಗ್ಗೆಯೇ ಕಾಕೊ ಯಾವ ನಂಬರಿನ ಜರ್ಸಿ ಹಾಕುತ್ತಾನೆ ಎಂದು ಕೇಳಿದನಂತೆ. ಆ ಪ್ರಶ್ನೆ ಕೇಳಿ ನನಗೆ ಕಣ್ಣು ತುಂಬಿತು. ಹಾಗೆಂದು ಇಡೀ ವಲಸೆ ಸಮುದಾಯದ ಆಸೆಯನ್ನೂ ಆ ಹುಡುಗನ ತಲೆಗೆ ಕಟ್ಟಬಾರದು. ಗೋಲ್ ತಪ್ಪಿದ ದಿನವೂ ಅವನು ನಮ್ಮವನೇ ಆಗಿರಬೇಕು.

ಇವತ್ತು ರಾತ್ರಿ ಡ್ರಾಫ್ಟ್‌ನ ಎರಡನೇ ದಿನ. ಆಮೇಲೆ ಟುಲ್ಲಮರೀನ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರ ಇರುವ, ಹ್ಯಾಂಗರ್ ಎಂದು ಕರೆಯುವ ಕ್ಲಬ್‌ನ ಅಭ್ಯಾಸ ಕೇಂದ್ರದಲ್ಲಿ ಹೊಸಬರ ಅಭ್ಯಾಸ ಶುರು. ಕೋಚ್ ಬ್ರ್ಯಾಡ್ ಸ್ಕಾಟ್ ಅವಸರ ಮಾಡದಿದ್ದರೆ ಸಾಕು. ಬೇಕಿದ್ದರೆ ಮೊದಲು ಒಂದು ಹಂತ ಕೆಳಗಿನ ಲೀಗ್ ಆದ ವಿಎಫ್‌ಎಲ್‌ನಲ್ಲಿ ಆಡಲಿ, ಮೈ ಗಟ್ಟಿಯಾಗಲಿ.

ಆಫೀಸಿನವರ ಮೂವತ್ತು ಗೋಲ್ ಮಾತಿಗೆ ನಾನು ಉತ್ತರ ಕೊಟ್ಟಿದ್ದೇನೆ. ಮೊದಲ ವರ್ಷ ಹದಿನೈದು ಬಂದರೆ ನಾನೇ ಅವರಿಗೆ ಫಿಲ್ಟರ್ ಕಾಫಿ ಮಾಡಿಕೊಡುತ್ತೇನೆ. ಐದೇ ಬಂದರೂ ಮಾಡಿಕೊಡುತ್ತೇನೆ, ಅವನ ಮೇಲೆ ಕೂಗಾಡಬಾರದು ಎನ್ನುವ ಷರತ್ತಿನ ಮೇಲೆ. ಅವರು ಇನ್ನೂ ಒಪ್ಪಿಲ್ಲ. ನಾಳೆ ಮತ್ತೆ ಕೇಳುತ್ತೇನೆ.