ಓದಿದ್ದನ್ನೇ ಎಷ್ಟು ಸಲ ಓದ್ತೀರಿ?

ಮನೆಗೆ ಬಂದವರು ಪುಸ್ತಕದ ಕಪಾಟಿನ ಮುಂದೆ ನಿಂತು ಕೇಳುವ ಪ್ರಶ್ನೆ ಇದು. ಅಲ್ಲಿ ಟಾಲ್‌ಸ್ಟಾಯ್ ಬರೆದ ‘ಅನ್ನಾ ಕರೆನಿನಾ’ ಇದೆ. ಬೆನ್ನು ಕಿತ್ತುಬಂದು ಟೇಪು ಹಚ್ಚಿಸಿಕೊಂಡು ಕೂತಿದೆ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ನಾಲ್ಕೈದು ಹೊಸ ಪುಸ್ತಕಗಳಿವೆ. ನೋಡಿದವರು ಸುಮ್ನೆ ಬಿಡುತ್ತಾರಾ? “ಓದದೇ ಇರೋದು ಇಷ್ಟೊಂದಿದೆ. ಓದಿದ್ದನ್ನೇ ಮತ್ತೆ ಮತ್ತೆ ಓದ್ತೀರಲ್ಲ, ಕಥೆ ಗೊತ್ತೇ ಇರುತ್ತೆ ಅಲ್ವಾ?”

ಇದಕ್ಕೆ ಎಲ್ಲರೂ ಹೇಳುವ ಉತ್ತರ ಒಂದಿದೆ: ಪುಸ್ತಕ ಬದಲಾಗಿರಲ್ಲ, ನಾವು ಬದಲಾಗಿರುತ್ತೇವೆ. ನಾನೂ ಸುಮಾರು ವರ್ಷ ಅದನ್ನೇ ಹೇಳಿ ತಪ್ಪಿಸಿಕೊಂಡಿದ್ದೇನೆ. ಸುಳ್ಳೇನಲ್ಲ. ಆದರೆ ನನ್ನ ಕಾರಣ ಅಷ್ಟು ಚೆಂದದ್ದಲ್ಲ. ಓದಿದ್ದೇನೆ ಅಂದುಕೊಂಡಿದ್ದನ್ನು ನಾನು ಸರಿಯಾಗಿ ಓದಿರಲೇ ಇಲ್ಲ. ಇದು ಗೊತ್ತಾದದ್ದು ಒಂದು ಆಟಿಕೆ ಪೊಟ್ಟಣದಿಂದ.

ಅನ್ನಾ ತನ್ನ ಗಂಡ ಕರೆನಿನ್‌ನನ್ನು ಬಿಟ್ಟು ವ್ರಾನ್‌ಸ್ಕಿ ಜೊತೆ ಹೋಗಿದ್ದಾಳೆ. ಮಗ ಸೆರ್ಯೋಜಾ ಅಪ್ಪನ ಮನೆಯಲ್ಲೇ ಉಳಿದಿದ್ದಾನೆ. ನಿನ್ನಮ್ಮ ಸತ್ತುಹೋದಳು ಅಂತ ಅವನಿಗೆ ಹೇಳಿಬಿಟ್ಟಿದ್ದಾರೆ. ಅವನು ನಂಬಿಲ್ಲ. ಅವನ ಹುಟ್ಟುಹಬ್ಬದ ಬೆಳಿಗ್ಗೆ ಅನ್ನಾ ಗಂಡನಿಗೆ ತಿಳಿಯದಂತೆ ಆ ಮನೆಯೊಳಗೆ ಬರುತ್ತಾಳೆ. ಈ ದೃಶ್ಯವನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನಿದ್ದೆಗಣ್ಣಿನ ಹುಡುಗ, ಅಮ್ಮನ ಮೈಗೆ ಅಂಟಿಕೊಂಡದ್ದು, ಆಕೆ ತಂದ ಆಟಿಕೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದ್ದು.

ಮೊದಲ ಸಲ ಓದಿದಾಗ ನನಗೆ ಹತ್ತೊಂಬತ್ತು. ಎರಡನೇ ಸಲ ಮೂವತ್ತೊಂದು. ಎರಡನೇ ಸಲ ಆ ಪುಟಕ್ಕೆ ಬಂದರೆ, ಆಟಿಕೆಗಳನ್ನು ಹರಡುವುದೇ ಇಲ್ಲ! ಗಂಡ ಬರುವ ಹೊತ್ತಾಯಿತು. ಆಕೆ ಗಡಿಬಿಡಿಯಲ್ಲಿ ಹೊರಟುಬಿಡುತ್ತಾಳೆ. ಹಿಂದಿನ ದಿನ ಅಂಗಡಿಯಲ್ಲಿ ಅಷ್ಟು ಪ್ರೀತಿಯಿಂದ ಆರಿಸಿ ತಂದ ಪೊಟ್ಟಣ ಬಿಚ್ಚದೆ ಹಾಗೇ ವಾಪಸ್ ಹೋಗುತ್ತದೆ. ಹನ್ನೆರಡು ವರ್ಷ ಆ ಹುಡುಗನಿಗೆ ಆಟಿಕೆ ಕೊಟ್ಟುಕೊಂಡು ಬಂದವಳು ನಾನು, ಅನ್ನಾ ಅಲ್ಲ.

ಇಂಥ ದೊಡ್ಡ ವಿಷಯವನ್ನೇ ತಪ್ಪಾಗಿ ಇಟ್ಟುಕೊಂಡಿದ್ದರೆ ಇನ್ನೇನೇನು ಬಿಟ್ಟಿರಬಹುದು ಅನ್ನಿಸಿತು. ಸಾಕ್ಷಿ ಕೈಯಲ್ಲೇ ಇತ್ತು. ಹತ್ತೊಂಬತ್ತರಲ್ಲಿ ನಾನು ಪೆನ್ಸಿಲ್ ಹಿಡಿದು ಓದುತ್ತಿದ್ದೆ. ಬಾಲ್ ನೃತ್ಯದ ಪುಟಗಳಲ್ಲಿ ಗೆರೆಯೋ ಗೆರೆ. ಹಿಮಗಾಳಿಯ ರಾತ್ರಿ ವ್ರಾನ್‌ಸ್ಕಿ ರೈಲು ನಿಲ್ದಾಣದಲ್ಲಿ ಎದುರಾಗುವ ಕಡೆ ಎರಡೆರಡು ಗೆರೆ. ಗಂಡ ಕರೆನಿನ್ ಬರುವ ಕಡೆಯೆಲ್ಲ ಪುಟಗಳು ಬಿಳಿ. ಅನ್ನಾ ಸಾಯುವುದು ಏಳನೇ ಭಾಗದ ಕೊನೆಯಲ್ಲಿ. ಆಮೇಲೆ ಎಂಟನೇ ಭಾಗವೂ ಇದೆ. ಅದನ್ನು ಅರ್ಧ ಗಂಟೆಯಲ್ಲಿ ಮಗುಚಿ ಹಾಕಿದ್ದೆ. ಈ ವಿಷಯದಲ್ಲಿ ನಾನೊಬ್ಬಳೇ ಅಲ್ಲ ಬಿಡಿ. 1875ರಿಂದ 1877ರವರೆಗೆ ಕಾದಂಬರಿ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಎಂಟನೇ ಭಾಗವನ್ನು ಸಂಪಾದಕರು ಒಪ್ಪಲಿಲ್ಲ, ಟಾಲ್‌ಸ್ಟಾಯ್ ಅದನ್ನು ಬೇರೆಯಾಗಿ ಅಚ್ಚು ಹಾಕಿಸಬೇಕಾಯಿತು.

ಎರಡನೇ ಓದಿನಲ್ಲಿ ಸಿಕ್ಕ ಇನ್ನೊಂದು ಪುಟ್ಟ ವಿಷಯ ಹೇಳುತ್ತೇನೆ. ಅನ್ನಾ ಮತ್ತು ವ್ರಾನ್‌ಸ್ಕಿ ಮೊದಲು ಭೇಟಿಯಾಗುವ ದಿನವೇ ನಿಲ್ದಾಣದಲ್ಲಿ ಒಬ್ಬ ಕಾವಲುಗಾರ ರೈಲಿಗೆ ಸಿಕ್ಕಿ ಸಾಯುತ್ತಾನೆ. ವ್ರಾನ್‌ಸ್ಕಿ ಆ ವಿಧವೆಗೆ ಅಂತ 200 ರೂಬಲ್ ಕೊಡುತ್ತಾನೆ. ಎಷ್ಟು ಒಳ್ಳೆಯವನು ಅಂತ ಅಲ್ಲೂ ಗೆರೆ ಎಳೆದಿದ್ದೆ. ಎರಡನೇ ಸಲ ಕಂಡದ್ದು ಬೇರೆ. ಆಕೆಗೆ ಏನಾದರೂ ಮಾಡಲಿಕ್ಕೆ ಆಗಲ್ಲವಾ ಅಂತ ಅನ್ನಾ ಕೇಳಿದ ಮೇಲೆ ತಾನೇ ಅವನು ಎದ್ದುಹೋದದ್ದು! ಆಮೇಲೆ ಅವನ ಬಗ್ಗೆ ಕಿಟ್ಟಿಗೆ ಹೇಳುವಾಗ (ಕಿಟ್ಟಿ ಅಂದರೆ ವ್ರಾನ್‌ಸ್ಕಿಯನ್ನು ಮೆಚ್ಚಿಕೊಂಡ ಹುಡುಗಿ, ನಮ್ಮ ಕಿಟ್ಟಿಯಲ್ಲ) ಅನ್ನಾ ಎಲ್ಲ ಹೇಳುತ್ತಾಳೆ, ಆ 200 ರೂಬಲ್ ಮಾತ್ರ ಬಾಯಿ ಬಿಡುವುದಿಲ್ಲ. ಆ ದುಡ್ಡಿನಲ್ಲಿ ತನಗೆ ಸಂಬಂಧಿಸಿದ್ದೇನೋ ಇದೆ, ಇರಬಾರದ್ದು ಇದೆ ಅಂತ ಅವಳಿಗೇ ಅನ್ನಿಸುತ್ತದೆ. ಇಡೀ ಕಾದಂಬರಿ ಆಗಲೇ ಶುರುವಾಗಿಬಿಟ್ಟಿದೆ. ಕಥೆ ಗೊತ್ತಿಲ್ಲದವರಿಗೆ ಅದು ಕಾಣಲು ಸಾಧ್ಯವೇ ಇಲ್ಲ. ಕಥೆ ಗೊತ್ತಿದ್ದರೆ ಓದುವುದೇಕೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಕರೆನಿನ್ ವಿಷಯವೂ ಹೀಗೇ. ಮೊದಲ ಓದಿನಲ್ಲಿ ನನಗೆ ನೆನಪಿದ್ದದ್ದು ಅವನ ಕಿವಿಗಳು ಮಾತ್ರ. ಅನ್ನಾಗೆ ಅವು ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕಾಣುತ್ತವೆ, ನನಗೂ ಹಾಗೇ ಕಂಡವು. ಆದರೆ ಅನ್ನಾ ಹೆರಿಗೆಯಾಗಿ ಸಾಯುವಂತಿದ್ದಾಗ ಅವನು ದಿನಕ್ಕೆ ಎಷ್ಟೋ ಸಲ ಮಗುವಿನ ಕೋಣೆಗೆ ಹೋಗಿ ಕೂರುತ್ತಾನೆ. ಮಗು ತನ್ನದಲ್ಲ, ವ್ರಾನ್‌ಸ್ಕಿಯದು. ಅದು ಅಳುವುದನ್ನು ಕೇಳಿ ಕೇಳಿ ಸಂಕಟಪಡುತ್ತಾನೆ. ದಾದಿಗೆ ಹಾಲಿಲ್ಲ, ಮಗುವಿಗೆ ಹಸಿವು ಅಂತ ಆಮೇಲೆ ತಿಳಿಯುತ್ತದೆ. ಅವನು ನೋಡಿಕೊಳ್ಳದಿದ್ದರೆ ಆ ಕೂಸು ಬದುಕುತ್ತಲೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಆ ಪುಟದ ಮೂಲೆ ಕೂಡ ಮಡಚಿರಲಿಲ್ಲ.

ಮೂರನೇ ಸಲ ಓದಿದ್ದು ನಲವತ್ತನಾಲ್ಕರಲ್ಲಿ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದವಳು ಡಾಲಿ. ಅನ್ನಾಳ ಅಣ್ಣನ ಹೆಂಡತಿ. ಗಂಡ ಸೋಗಲಾಡಿ, ಸಾಲಗಾರ, ಮೇಲೆ ಹೆಂಗಸರ ಚಪಲ. ಮನೆ ತುಂಬ ಮಕ್ಕಳು. ಆರನೇ ಭಾಗದಲ್ಲಿ ಅವಳು ಅನ್ನಾಳನ್ನು ನೋಡಲು ವ್ರಾನ್‌ಸ್ಕಿಯ ಎಸ್ಟೇಟಿಗೆ ಹೋಗುತ್ತಾಳೆ. ಅಪರೂಪಕ್ಕೆ ಮಕ್ಕಳಿಲ್ಲದೆ, ಗಾಡಿಯಲ್ಲಿ ಒಬ್ಬಳೇ. ನಾನೂ ಗಂಡನನ್ನು ಬಿಟ್ಟು ಹೋಗಬೇಕಿತ್ತೇನೋ ಅಂತ ದಾರಿಯುದ್ದಕ್ಕೂ ಯೋಚಿಸುತ್ತಾಳೆ. ಅಲ್ಲಿ ಎಲ್ಲವೂ ಹೊಸದು, ದುಬಾರಿ. ಕೆಲಸದವಳೂ ಡಾಲಿಗಿಂತ ಚೆನ್ನಾಗಿ ಉಟ್ಟಿದ್ದಾಳೆ. ಅವಳೆದುರು ಪೆಟ್ಟಿಗೆ ಬಿಚ್ಚಿದರೆ, ತಪ್ಪಿ ತುಂಬಿಕೊಂಡು ಬಂದ ಒಂದು ತೇಪೆ ಹಚ್ಚಿದ ಮನೆಜಾಕೆಟ್.

ಮನೆಯಲ್ಲಿ ಆ ತೇಪೆಗಳೆಂದರೆ ಡಾಲಿಗೆ ಹೆಮ್ಮೆ. ಟಾಲ್‌ಸ್ಟಾಯ್ ಅವಳ ತಲೆಯೊಳಗಿನ ಲೆಕ್ಕವನ್ನೇ ಕೊಡುತ್ತಾರೆ. ಆರು ಜಾಕೆಟ್‌ಗೆ 24 ಅರ್ಷಿನ್ (ಬಟ್ಟೆ ಅಳೆಯುವ ಹಳೇ ರಷ್ಯನ್ ಅಳತೆ) ತೆಳು ಹತ್ತಿ ಬಟ್ಟೆ, ಅರ್ಷಿನ್‌ಗೆ 65 ಕೊಪೆಕ್ (ನೂರು ಕೊಪೆಕ್‌ಗೆ ಒಂದು ರೂಬಲ್), ಒಟ್ಟು 15 ರೂಬಲ್‌ಗೂ ಜಾಸ್ತಿ. ಹೊಲಿಗೆ ಕೂಲಿ ಬೇರೆ. ತೇಪೆ ಹಚ್ಚಿದ್ದರಿಂದ ಆ ದುಡ್ಡು ಉಳಿದಿದೆ. ಆದರೆ ಈ ಹುಡುಗಿಯ ಎದುರು ಅದೇ ತೇಪೆ ಮುಜುಗರ ತರುತ್ತದೆ. ನಾನು ಪುಸ್ತಕ ಕೆಳಗಿಟ್ಟು ಆ ಗುಣಾಕಾರ ಮಾಡಿ ನೋಡಿದೆ. ಲೆಕ್ಕ ಸರಿ ಇದೆ.

ಹತ್ತೊಂಬತ್ತರಲ್ಲಿ ಈ ಪುಟದ ಮೇಲೆ ನನ್ನ ಕಣ್ಣು ಹಾದುಹೋಗಿದೆ ನಿಜ. ಆಗ ಇನ್ನೊಬ್ಬರ ದುಡ್ಡಿನಲ್ಲಿ ಬದುಕುತ್ತಿದ್ದವಳಿಗೆ ಬಟ್ಟೆಯ ಲೆಕ್ಕ ಎಲ್ಲಿ ಕಾಣಬೇಕು? ಟಾಲ್‌ಸ್ಟಾಯ್ ಹುಟ್ಟಿದ್ದು 1828ರಲ್ಲಿ, ಇದನ್ನು ಬರೆಯಲು ಕೂತದ್ದು 1873ರಲ್ಲಿ. ಮದುವೆಯಾಗಿ ಮನೆ ತುಂಬ ಮಕ್ಕಳಿದ್ದ, ನಲವತ್ತು ದಾಟಿದ ಮನುಷ್ಯ. ಅವರಿಗೆ ಡಾಲಿ ಗೊತ್ತಿದ್ದಳು. ನನಗೆ ಗೊತ್ತಾಗಲು ನಾನು ಅವರ ವಯಸ್ಸಿಗೆ ಬರಬೇಕಾಯಿತು.

ಕಳೆದುಕೊಂಡದ್ದೂ ಇದೆ. ಮುಂದೇನು ಅಂತ ರಾತ್ರಿ ಎರಡರವರೆಗೆ ಓದಿದ ಆ ಉಸಿರು ಮತ್ತೆ ಬರುವುದಿಲ್ಲ. ಬಾಲ್ ನೃತ್ಯದ ಪುಟಗಳ ನನ್ನ ಗೆರೆ ನೋಡಿದರೆ ಈಗ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಎಲ್ಲ ಪುಸ್ತಕವೂ ಮರುಓದಿಗೆ ತಡೆಯುವುದಿಲ್ಲ. ಆ ಕಾಲದಲ್ಲಿ ತಲೆಮೇಲೆ ಹೊತ್ತುಕೊಂಡ ಒಂದೆರಡನ್ನು ಮತ್ತೆ ತೆಗೆದು ಇಪ್ಪತ್ತು ಪುಟಕ್ಕೆ ಮುಚ್ಚಿಟ್ಟಿದ್ದೇನೆ. ಇನ್ನು ಇದೇ ಕಾದಂಬರಿಯ ಆರನೇ ಭಾಗದಲ್ಲಿ ಜಮೀನ್ದಾರರ ಚುನಾವಣೆ ಅಂತ ಒಂದಿಷ್ಟು ಅಧ್ಯಾಯ ಬರುತ್ತವೆ. ಮೂರು ಸಲವೂ ಹಾರಿಸಿದ್ದೇನೆ.

ಯಾವಾಗ ಮತ್ತೆ ಓದಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತಲೂ ಕೇಳುತ್ತಾರೆ. ಯಾವುದಾದರೂ ದೃಶ್ಯವನ್ನು ನಾನು ತುಂಬ ಧೈರ್ಯವಾಗಿ ಹೇಳಲು ಶುರುಮಾಡಿದಾಗ. ಮೊನ್ನೆ ಗೆಳತಿಗೆ ಅಣಬೆಯ ಪ್ರಸಂಗ ಹೇಳುತ್ತಿದ್ದೆ. ಇದೇ ಕಾದಂಬರಿಯದು. ಕೋಜ್ನಿಶೆವ್ ಅನ್ನುವ ವಿದ್ವಾಂಸ ಮದುವೆಯ ಮಾತು ಎತ್ತಲೆಂದೇ ಕಿಟ್ಟಿಯ ಗೆಳತಿ ವಾರೆಂಕಾ ಜೊತೆ ಕಾಡಿನಲ್ಲಿ ನಡೆಯುತ್ತಾನೆ. ಬಾಯಿಗೆ ಬಂದದ್ದು ಮಾತ್ರ ಅಣಬೆಗಳ ವಿಷಯ. ಮದುವೆ ಅಲ್ಲಿಗೇ ಮುಗಿಯಿತು. “ಹಾಳಾದವನು, ಅಣಬೆ ಅಂತ ಶುರುಮಾಡಿ ಎಲ್ಲ ಕೆಡಿಸಿದ” ಅಂದೆ. ಅವಳು ಹೋದ ಮೇಲೆ ಅನುಮಾನ ಬಂತು. ತೆಗೆದು ನೋಡಿದೆ. ಮೊದಲು ಅಣಬೆಯ ಮಾತು ಎತ್ತಿದ್ದು ವಾರೆಂಕಾ. ಅವಳಿಗೇ ಬೇಡದಿದ್ದರೂ, ಸುಮ್ಮನಿರಲಾಗದೆ ಬಾಯಿಂದ ಜಾರಿದ್ದು.

ಒಂದು ಪುಟ ನೋಡಿ ಇಟ್ಟುಬಿಡೋಣ ಅಂತ ತೆಗೆದಿದ್ದೆ. ನಿನ್ನೆ ರಾತ್ರಿ ಚುನಾವಣೆಗೆ ಬಂದು ನಿಂತಿದ್ದೇನೆ.