ಕೂತು ಯೋಚಿಸಿದರೆ ಸಾಲದೆ, ಪೋಸ್ಟರ್ ಯಾಕೆ?

ಗ್ರಾಫಿಕ್ ಡಿಸೈನ್ ಕಲಿಸುವಾಗ ನಾನು ಒಂದು ಅಭ್ಯಾಸ ಮಾಡಿಸುತ್ತೇನೆ: ನಿಮ್ಮೊಳಗೆ ಅಡಗಿರಬಹುದಾದ ಜನಾಂಗಭೇದವನ್ನು ನೀವೇ ಮಾಡಿದ ಪೋಸ್ಟರ್‌ನಲ್ಲಿ ಹುಡುಕಿ ಅಂತ. ಇದನ್ನು ಕೇಳಿದವರೆಲ್ಲ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ: "ಅದಕ್ಕೆ ಪೋಸ್ಟರ್ ಯಾಕ್ರೀ ಬೇಕು? ಪ್ರಾಮಾಣಿಕವಾಗಿ ಕೂತು ಯೋಚಿಸಿ ಒಂದು ಪುಟ ಬರೆದರೆ ಆಗಲ್ವಾ?"

ಆಗುವುದಿಲ್ಲ. ಬರೆಯಲು ಕೂತರೆ ನಾವೆಲ್ಲ ನಮ್ಮ ಪರ ವಕೀಲರೇ. "ನನಗೆ ಆ ಥರದ ಭೇದಭಾವ ಏನಿಲ್ಲ, ಆದರೂ..." ಅಂತ ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಡಿಸೈನ್ ಮಾಡುವಾಗ ಯಾರ ಮುಖ ದೊಡ್ಡದು, ಯಾರು ಅಂಚಿಗೆ, ಬೆಳಕು ಯಾರ ಮೇಲೆ, ಯಾವ ಫಾಂಟ್, ಇದನ್ನೆಲ್ಲ ಕೈ ಮೊದಲೇ ತೀರ್ಮಾನಿಸಿಬಿಡುತ್ತದೆ. ಸಮರ್ಥನೆ ಹೊಳೆಯುವ ಹೊತ್ತಿಗೆ ಸಾಕ್ಷಿ ಫೈಲ್‌ನಲ್ಲಿ ಕೂತಾಗಿರುತ್ತದೆ.

1994ರ ಜೂನ್‌ನಲ್ಲಿ ಕಪ್ಪು ಜನಾಂಗದ ಮಾಜಿ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್ ಕೊಲೆ ಆರೋಪದ ಮೇಲೆ ಬಂಧನವಾದಾಗ ಅಮೆರಿಕದ ಟೈಮ್ ಮತ್ತು ನ್ಯೂಸ್‌ವೀಕ್ ಪತ್ರಿಕೆಗಳು ಪೊಲೀಸರು ತೆಗೆದ ಒಂದೇ ಫೋಟೋವನ್ನು ಮುಖಪುಟಕ್ಕೆ ಹಾಕಿದವು. ನ್ಯೂಸ್‌ವೀಕ್‌ನಲ್ಲಿ ಫೋಟೋ ಇದ್ದ ಹಾಗೇ ಇತ್ತು. ಟೈಮ್‌ನಲ್ಲಿ ಮುಖ ಇನ್ನಷ್ಟು ಕಪ್ಪಾಗಿತ್ತು. ದೊಡ್ಡ ಗಲಾಟೆಯಾಯಿತು. ಜನಾಂಗೀಯ ಉದ್ದೇಶ ಇರಲಿಲ್ಲ ಎಂದು ಸಂಪಾದಕರು ಹೇಳಿದರು. ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ, ನನಗೆ ಕುತೂಹಲ ಇರುವುದೂ ಅಲ್ಲೇ. ಚಿತ್ರಕ್ಕೆ ಗಾಂಭೀರ್ಯ ಬೇಕು ಅನ್ನಿಸಿದಾಗ ಕೈ ಹೋದದ್ದು ಮೈಬಣ್ಣವನ್ನು ಕಪ್ಪಾಗಿಸುವ ಕಡೆಗೆ. ಅಂಗಡಿಯಲ್ಲಿ ಪಕ್ಕದಲ್ಲೇ ನ್ಯೂಸ್‌ವೀಕ್ ಇರದೇ ಹೋಗಿದ್ದರೆ ಎಷ್ಟು ಜನರ ಕಣ್ಣಿಗೆ ಬೀಳುತ್ತಿತ್ತು?

ಹಾಗಾಗಿ ಅಭ್ಯಾಸವೂ ಇಷ್ಟೇ. ನಿಮ್ಮ ಹಳೆಯ ಪೋಸ್ಟರ್ ಒಂದನ್ನು ತೆರೆಯಿರಿ. ಫಾಂಟ್, ಕ್ರಾಪ್ (ಚಿತ್ರವನ್ನು ಎಲ್ಲಿಗೆ ಕತ್ತರಿಸಿದ್ದೀರಿ ಅನ್ನುವುದು), ಬೆಳಕು ಯಾವುದನ್ನೂ ಮುಟ್ಟದೆ ವ್ಯಕ್ತಿಯನ್ನು ಮಾತ್ರ ಬದಲಾಯಿಸಿ. ಎರಡನ್ನೂ ಪಕ್ಕಪಕ್ಕ ಇಡಿ. ದೇಣಿಗೆ ಕೇಳುವ ಪೋಸ್ಟರ್ ಅಂತಿಟ್ಟುಕೊಳ್ಳಿ: ಒಂದು ಕಪ್ಪು ಮಗು, ಕ್ಯಾಮೆರಾ ಮೇಲಿನಿಂದ, ಮಗು ತಲೆಯೆತ್ತಿ ನೋಡುತ್ತಿದೆ, ಕೆನ್ನೆಯ ಮೇಲೆ ಧೂಳು, ಹೆಸರಿಲ್ಲ. ಅದೇ ಜಾಗಕ್ಕೆ ಒಂದು ಬಿಳಿ ಮಗುವನ್ನು ತನ್ನಿ. ತಕ್ಷಣ ಚಡಪಡಿಕೆ ಶುರು. ಅಪ್ಪ ಅಮ್ಮನ ಒಪ್ಪಿಗೆ ತಗೊಂಡಿದ್ದಾರಾ? ಹೆಸರು ಹಾಕಬೇಡವಾ? ಕ್ಯಾಮೆರಾ ಸ್ವಲ್ಪ ಕೆಳಗಿದ್ದರೆ ಚೆನ್ನ ಅಲ್ಲವಾ? ಮೊದಲನೇ ಮಗುವಿನ ವಿಷಯದಲ್ಲಿ ಇದೊಂದೂ ತಲೆಗೆ ಬಂದಿರಲಿಲ್ಲ. ಎರಡನೇ ಪೋಸ್ಟರ್‌ನಲ್ಲಿ ಕೈ ಏನನ್ನು ಸರಿಪಡಿಸಲು ಹೊರಡುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ನಾವು ಹುಡುಕುತ್ತಿರುವುದು ಆ ಪಟ್ಟಿಯನ್ನೇ.

ಫಾಂಟ್‌ಗೂ ಇದೇ ಕಥೆ. ನೊಯ್‌ಲಾಂಡ್ ಅನ್ನುವ ದಪ್ಪ, ಒರಟು ಅಕ್ಷರವನ್ನು 1923ರಲ್ಲಿ ಮಾಡಿದ್ದು ಜರ್ಮನಿಯ ರುಡಾಲ್ಫ್ ಕಾಖ್. ಆಫ್ರಿಕಾಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಆದರೂ ಸಫಾರಿ, ಕಾಡು, ಆಫ್ರಿಕಾ ಅಂದ ಕೂಡಲೇ ಪುಸ್ತಕದ ಮುಖಪುಟದಲ್ಲೂ ಜಾಹೀರಾತಿನಲ್ಲೂ ಅದೇ ಬಂದು ಕೂರುತ್ತದೆ, ಹಿಂದೆ ಕಿತ್ತಳೆ ಬಣ್ಣದ ಸೂರ್ಯಾಸ್ತ. ಐವತ್ತಕ್ಕೂ ಹೆಚ್ಚು ದೇಶಗಳಿಗೆ ಒಂದೇ ಫಾಂಟ್, ಒಂದೇ ಸಂಜೆ! ಯಾರೂ ದ್ವೇಷದಿಂದ ಆರಿಸಿದ್ದಲ್ಲ, "ಸೂಟ್ ಆಗತ್ತೆ" ಅಂತ ಆರಿಸಿದ್ದು. ಅಡಗಿರುವ ಭೇದ ಬಹುತೇಕ ಹೀಗೆ, ಅಭಿರುಚಿಯ ವೇಷದಲ್ಲೇ ಓಡಾಡುತ್ತದೆ.

ಎಲ್ಲವೂ ನಮ್ಮ ತಲೆಯೊಳಗಿನದಲ್ಲ ಅನ್ನುವುದೂ ನಿಜ. ಫಿಲ್ಮ್ ಕಂಪನಿ ಕೊಡಾಕ್ ದಶಕಗಳ ಕಾಲ ಫೋಟೋ ಲ್ಯಾಬುಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡ್ ಎಂಬ ಮಾದರಿ ಚಿತ್ರದ ಕಾರ್ಡ್‌ನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಕಲರ್ ಪ್ರಿಂಟಿನ ಬಣ್ಣ ಸರಿಯಿದೆಯೇ ಅಂತ ನೋಡುತ್ತಿದ್ದದ್ದು ಆ ಮೈಬಣ್ಣಕ್ಕೆ ಹೋಲಿಸಿ. ಆದರೆ ಉಪಕರಣದ ಮೇಲೆ ತಪ್ಪು ಹೊರಿಸಿ ಎದ್ದುಹೋಗುವವರೂ ಇದ್ದಾರೆ, ಅವರಿಗೆ ಈ ಅಭ್ಯಾಸದಿಂದ ಏನೂ ಸಿಗುವುದಿಲ್ಲ.

"ಇದಕ್ಕೆ ಟೆಸ್ಟ್ ಇದೆಯಲ್ಲ?" ಅನ್ನುವವರು 1998ರಲ್ಲಿ ಬಂದ ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್ ನೆನಪಿಸುತ್ತಾರೆ. ಕಪ್ಪು-ಬಿಳಿ ಜನರ ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎಷ್ಟು ಬೇಗ ಜೋಡಿಸುತ್ತೀರಿ ಅಂತ ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತದೆ. ಮಾಡಿ ನೋಡಿ, ತಪ್ಪೇನಿಲ್ಲ. ಆದರೆ ಒಬ್ಬರೇ ಇನ್ನೊಂದು ದಿನ ಮಾಡಿದರೆ ಫಲಿತಾಂಶ ಬೇರೆ ಬರಬಹುದು. ಮೇಲಾಗಿ ಸ್ಕೋರನ್ನು ತಿದ್ದಲು ಬರುವುದಿಲ್ಲ. ಪೋಸ್ಟರ್‌ನಲ್ಲಾದರೆ ಲೇಯರ್‌ಗಳನ್ನು (ಚಿತ್ರದ ಪದರಗಳನ್ನು) ಒಂದೊಂದಾಗಿ ತೆರೆದು ಎಲ್ಲಿ ಏನು ಮಾಡಿದೆ ಅಂತ ನೋಡಬಹುದು, ತಿದ್ದಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಈ ಪೋಸ್ಟರ್‌ಗಳನ್ನು ಪ್ರದರ್ಶನಕ್ಕೆ ಇಡಬಾರದು. "ನನ್ನೊಳಗಿನ ಜನಾಂಗಭೇದ" ಅಂತ ಚೆಂದದ ಅಕ್ಷರದಲ್ಲಿ ಬರೆದು ತೂಗುಹಾಕಿದರೆ ಚಪ್ಪಾಳೆ ಖಂಡಿತ, ಆಮೇಲೆ ಮಾಡಿದವರ ಗಮನ ಚಪ್ಪಾಳೆಯ ಮೇಲೆ. ಚೆಂದ ಕಾಣುವ ಹಾಗೆ ಮಾಡುವುದೇ ನಮ್ಮ ಕಸುಬಾದ್ದರಿಂದ ಈ ಅಪಾಯ ಬೇರೆಯವರಿಗಿಂತ ನಮಗೇ ಜಾಸ್ತಿ. ಪೋಸ್ಟರ್‌ನಲ್ಲಿರುವವರ ಸಮುದಾಯದ ಗೆಳೆಯರನ್ನು ಕರೆದು "ನೋಡಪ್ಪ, ಸರಿಯಾಗಿದೆಯಾ?" ಅಂತ ಕೇಳುವುದೂ ಬೇಡ, ನಮ್ಮ ಹೋಮ್‌ವರ್ಕ್ ತಿದ್ದಿಕೊಡುವುದು ಅವರ ಕೆಲಸವಲ್ಲ.

ಡಿಸೈನರ್ ಅಲ್ಲದವರೂ ಕೇಳುತ್ತಾರೆ, ನಾವೇನು ಮಾಡೋಣ ಅಂತ. ಪವರ್‌ಪಾಯಿಂಟ್ ಸಾಕು. ನೀವು ಈಚೆಗೆ ಮಾಡಿದ ಪ್ರೆಸೆಂಟೇಷನ್ ತೆರೆದು ಪಠ್ಯವನ್ನೆಲ್ಲ ಅಳಿಸಿ, ಚಿತ್ರಗಳನ್ನಷ್ಟೇ ಉಳಿಸಿಕೊಳ್ಳಿ. ಯಾರು ವಿವರಿಸುತ್ತಿದ್ದಾರೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ, ಯಾರ ಕೈ ಕೊಡುತ್ತಿದೆ, ಯಾರದು ಚಾಚಿದೆ ನೋಡಿ. ಆಮೇಲೆ ಮುಖಗಳನ್ನು ಅದಲುಬದಲು ಮಾಡಿ, ಯಾವ ಸ್ಲೈಡ್ ತೋರಿಸಲು ಮುಜುಗರವಾಗುತ್ತದೋ ಅಲ್ಲಿಂದ ಶುರು ಮಾಡಿ.